ಫಾಕ್ಸ್‌ಪ್ರೋ ಬಲ್ಲವರ ಮುಂದಿನ ದಾರಿ

ವಿಷುಯಲ್ ಫಾಕ್ಸ್‌ಪ್ರೋದ ಕೊನೆಯ ಆವೃತ್ತಿ 9.0 ಹೊರಬಂದದ್ದು 2004ರ ಡಿಸೆಂಬರ್‌ನಲ್ಲಿ. ಹತ್ತನೆಯ ಆವೃತ್ತಿ ಬರುವುದಿಲ್ಲವೆಂದು 2007ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತಿಳಿಸಿತು. 2015ರ ಜನವರಿ 13ಕ್ಕೆ ಕಂಪನಿಯ ಬೆಂಬಲವೂ ಮುಗಿಯಿತು. ಆದರೂ ಅದರಲ್ಲಿ ಬರೆದ ಸಂಬಳದ ಲೆಕ್ಕ, ದಾಸ್ತಾನು, ಗೇಟ್ ಪಾಸ್, ವೇಬ್ರಿಡ್ಜ್ ಚೀಟಿ, ಸೊಸೈಟಿಯ ಸಾಲದ ಖಾತೆಯಂಥ ಪ್ರೋಗ್ರಾಂಗಳು ಇನ್ನೂ ಓಡುತ್ತಿವೆ. 1990ರ ದಶಕದ ತರಬೇತಿ ಕೇಂದ್ರಗಳಲ್ಲಿ ಡಾಸ್, ಲೋಟಸ್, ಡಿಬೇಸ್ ಜೊತೆಗೆ ಫಾಕ್ಸ್‌ಪ್ರೋ ಕಲಿತು ಅದರಲ್ಲೇ ಜೀವನ ಕಟ್ಟಿಕೊಂಡವರು ಈಗ ನಲವತ್ತು, ಐವತ್ತರ ವಯಸ್ಸಿನಲ್ಲಿದ್ದಾರೆ. ಇದನ್ನೇ ನಂಬಿಕೊಂಡು ಇನ್ನೆಷ್ಟು ವರ್ಷ ನಡೆಸಬಹುದು ಎಂಬುದು ಅವರೆಲ್ಲರ ಪ್ರಶ್ನೆ.

ಮೊದಲೇ ಹೇಳಿಬಿಡಬೇಕಾದ ಮಾತು: ಫಾಕ್ಸ್‌ಪ್ರೋದಲ್ಲಿ ಹೊಸದಾಗಿ ಬರೆಯುವ ಕೆಲಸ ಮುಗಿದಿದೆ, ಹಳೆಯದನ್ನು ನೋಡಿಕೊಳ್ಳುವ ಕೆಲಸ ಕಡಿಮೆಯಾಗುತ್ತಿದೆ. ಹಳೆಯದರಿಂದ ಹೊಸದಕ್ಕೆ ದಾಟಿಸುವ ಕೆಲಸ ಮಾತ್ರ ಉಳಿದಿದೆ. ಅದನ್ನು ಸರಿಯಾಗಿ ಮಾಡಬಲ್ಲವರು ಹಳೆಯದನ್ನು ಒಳಹೊಕ್ಕು ಬಲ್ಲವರೇ.

ಇಷ್ಟು ಕಾಲ ಉಳಿದದ್ದೇಕೆ

ಡಿಬೇಸ್‌ನ ಡಿಬಿಎಫ್ ಕಡತವನ್ನೇ ಇನ್ನೂ ವೇಗವಾಗಿ ಓದುವಂತೆ ಅಮೆರಿಕದ ಫಾಕ್ಸ್ ಸಾಫ್ಟ್‌ವೇರ್ ಕಂಪನಿ ಮಾಡಿದ ಸಾಧನ ಇದು. 1992ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡಿತು. ಭಾಷೆಯೂ ಡೇಟಾಬೇಸೂ ಒಂದರಲ್ಲೇ ಇದ್ದವು, ಸರ್ವರ್ ಬೇಡ, ಬಳಸುವ ಪ್ರತಿ ಕಂಪ್ಯೂಟರ್‌ಗೂ ಬೇರೆ ಲೈಸೆನ್ಸ್ ಬೇಡ. ಹಂಚಿಕೊಂಡ ಒಂದು ಫೋಲ್ಡರ್‌ನಲ್ಲಿ ಕಡತ ಇಟ್ಟರೆ ನಾಲ್ಕೈದು ಕಂಪ್ಯೂಟರ್‌ಗಳಿಂದ ಏಕಕಾಲಕ್ಕೆ ಬಿಲ್ ಹಾಕಬಹುದಿತ್ತು. ಒಬ್ಬನೇ ಪ್ರೋಗ್ರಾಮರ್ ಕೆಲವೇ ವಾರಗಳಲ್ಲಿ ಇಡೀ ಕಚೇರಿಗೆ ಬೇಕಾದುದನ್ನು ಬರೆದು ಕೊಡಬಲ್ಲವನಾಗಿದ್ದ. ಸಣ್ಣ ಕಾರ್ಖಾನೆಗೆ ಅಷ್ಟು ಅಗ್ಗವಾಗಿ, ಅಷ್ಟು ತನ್ನದೇ ರೀತಿಯಲ್ಲಿ ಒದಗಿದ ಸಾಧನ ಆಗ ಬೇರೆ ಇರಲಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇಂಥ ಸಾಧನಕ್ಕೆ ಒಗ್ಗುವ ಉದ್ಯಮಗಳು ಬಹಳ. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ ಮತ್ತು ಅಪೆರಲ್ ಪಾರ್ಕ್ ಇವೆ. ನೆಲಮಂಗಲ ತಾಲ್ಲೂಕಿನಲ್ಲಿ ಸೋಂಪುರ–ದಾಬಸ್‌ಪೇಟೆ ಮತ್ತು ಹೆದ್ದಾರಿ ಬದಿಯ ಗೋದಾಮುಗಳು, ಹೊಸಕೋಟೆಯಲ್ಲಿ ಪಿಳ್ಳಗುಂಪೆ ಇವೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಊರೂರಲ್ಲಿ ಹಾಲಿನ ಡೇರಿಗಳು. ದೊಡ್ಡ ಕಂಪನಿಗಳು ಎಂದೋ ಇಆರ್‌ಪಿ ಹಾಕಿಸಿಕೊಂಡಿವೆ. ಹಳೆಯ ಪ್ರೋಗ್ರಾಂ ಉಳಿಯುವುದು ಮಧ್ಯಮ ಗಾತ್ರದ, ಮಾಲೀಕರೇ ನಿಂತು ನಡೆಸುವ ಘಟಕಗಳಲ್ಲಿ. ಅಲ್ಲಿಗೆ ವೈಟ್‌ಫೀಲ್ಡ್‌ನ ಕಂಪನಿ ಬರುವುದಿಲ್ಲ. ಕರೆದರೆ ಅರ್ಧ ಗಂಟೆಯಲ್ಲಿ ಬರಬಲ್ಲ, ಮಾಲೀಕರು ಹೆಸರು ಹಿಡಿದು ಕರೆಯುವ ಮನುಷ್ಯ ಬೇಕು.

ಕೆಲಸ ಎಲ್ಲಿಂದ ಬರುತ್ತದೆ

ಓಡುತ್ತಿರುವ ಪ್ರೋಗ್ರಾಂ ಬದಲಿಸಲು ಯಾರೂ ತಾವಾಗಿ ಹಣ ಬಿಚ್ಚುವುದಿಲ್ಲ. ಕಾನೂನು ಅಥವಾ ಯಂತ್ರ ಒತ್ತಾಯ ಮಾಡಿದಾಗ ಬಿಚ್ಚುತ್ತಾರೆ. ಆ ಒತ್ತಾಯಗಳನ್ನು ಮೊದಲೇ ಬಲ್ಲವರಿಗೆ ಕೆಲಸವೂ ಮೊದಲು ಸಿಗುತ್ತದೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಬಿಲ್ಲಿಂಗ್ ಪ್ರೋಗ್ರಾಂಗಳನ್ನೆಲ್ಲ ತಿದ್ದಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಇ-ವೇ ಬಿಲ್ ವ್ಯವಸ್ಥೆಯನ್ನು ದೇಶದಲ್ಲೇ ಮೊದಲು ಕರ್ನಾಟಕ ಆರಂಭಿಸಿತು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೆ ಮೇಲ್ಪಟ್ಟ ವಹಿವಾಟಿನವರಿಗೆ ಮಾತ್ರ ಕಡ್ಡಾಯವಾಗಿತ್ತು. ಮಿತಿ ಹಂತ ಹಂತವಾಗಿ ಇಳಿದು 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಅಂದರೆ ಪಿಳ್ಳಗುಂಪೆಯ ಸಾಧಾರಣ ಘಟಕವೂ ತನ್ನ ಬಿಲ್ಲನ್ನು ಜೇಸನ್ ರೂಪದಲ್ಲಿ ಪೋರ್ಟಲ್‌ಗೆ ಕಳಿಸಿ, ಅಲ್ಲಿಂದ ಬಂದ ಸಂಖ್ಯೆಯನ್ನೂ ಕ್ಯೂಆರ್ ಕೋಡನ್ನೂ ಮುದ್ರಿಸಬೇಕು. ಫಾಕ್ಸ್‌ಪ್ರೋದಿಂದ ಇದು ಅಸಾಧ್ಯವಲ್ಲ, ಆದರೆ ಸಲೀಸೂ ಅಲ್ಲ.

ಇವೆಲ್ಲಕ್ಕಿಂತ ದೊಡ್ಡ ಒತ್ತಾಯ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆಡಿಟ್ ಟ್ರೇಲ್ ನಿಯಮ. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಪ್ರತಿ ಸಂಸ್ಥೆಯ ಲೆಕ್ಕದ ತಂತ್ರಾಂಶ, ಪ್ರತಿ ವಹಿವಾಟಿನಲ್ಲಿ ಆದ ಬದಲಾವಣೆಯನ್ನು ದಿನಾಂಕ ಸಹಿತ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸಲು ಬರಬಾರದು. ಡಿಬಿಎಫ್ ಕಡತವನ್ನಾದರೆ ಯಾರು ಬೇಕಾದರೂ ಬ್ರೌಸ್ ಕಿಟಕಿಯಲ್ಲಿ ತೆರೆದು, ಅಂಕಿ ತಿದ್ದಿ, ಸುಳಿವಿಲ್ಲದೆ ಮುಚ್ಚಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಖಾತೆಗಳು ಬರಿಯ ಡಿಬಿಎಫ್‌ನಲ್ಲಿ ಇನ್ನು ಉಳಿಯುವಂತಿಲ್ಲ. ಪಾಲುದಾರಿಕೆ ಮತ್ತು ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಯಂತ್ರದ ಕಡೆಯಿಂದ ಬಂದ ಒತ್ತಾಯ ವಿಂಡೋಸ್‌ನದು. ಡಾಸ್ ಕಾಲದ ಫಾಕ್ಸ್‌ಪ್ರೋ 2.6 ಪ್ರೋಗ್ರಾಂಗಳು 64 ಬಿಟ್ ವಿಂಡೋಸ್ ಮೇಲೆ ನೇರವಾಗಿ ಓಡುವುದಿಲ್ಲ. 32 ಬಿಟ್‌ನ ವಿಂಡೋಸ್ 10 ಹಾಕಿಕೊಂಡು ಕಾಲ ತಳ್ಳಿದವರಿಗೆ 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವೂ ನಿಂತಿತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್‌ಬಾಕ್ಸ್‌ನಂಥ ಅನುಕರಣೆಯ ತಂತ್ರಾಂಶದೊಳಗೆ ಓಡಿಸಬಹುದಾದರೂ ಪ್ರಿಂಟರ್ ಮತ್ತು ನೆಟ್‌ವರ್ಕ್ ಕಾಟ ಕೊಡುತ್ತವೆ. ವಿಷುಯಲ್ ಫಾಕ್ಸ್‌ಪ್ರೋ 9 ಮಾತ್ರ ವಿಂಡೋಸ್ 11ರಲ್ಲೂ ಓಡುತ್ತದೆ.

ಸಹಕಾರ ಸಂಘಗಳನ್ನು ನಂಬಿದವರು ಬೇಗ ಎಚ್ಚೆತ್ತುಕೊಳ್ಳಬೇಕು. ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ರಾಷ್ಟ್ರೀಯ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಊರಿನ ಪ್ರೋಗ್ರಾಮರ್‌ಗೆ ಉಳಿಯುವುದು ಹಳೆಯ ಖಾತೆಗಳನ್ನು ಹೊಂದಿಸಿ ಒಪ್ಪಿಸುವ ಕೆಲಸ. ಅದೂ ಒಮ್ಮೆ ಮಾತ್ರ.

ಬೆಲೆ ಇರುವುದು ಯಾವುದಕ್ಕೆ

ಕರ್ನಾಟಕದ ವೃತ್ತಿ ತೆರಿಗೆಯನ್ನೇ ನೋಡಬಹುದು. 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂಪಾಯಿ ಮುಟ್ಟದ ಸಂಬಳಕ್ಕೆ ಈ ತೆರಿಗೆ ಇಲ್ಲ, ಅಲ್ಲಿಂದ ಮೇಲೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಿಗೆ ಮಾತ್ರ 300, ವರ್ಷಕ್ಕೆ 2,500. ಹಳೆಯ ಸಂಬಳದ ಪ್ರೋಗ್ರಾಂಗಳಲ್ಲಿ 200 ಎಂಬ ಅಂಕಿ ಕೋಡ್ ಒಳಗೇ ಬರೆದಿರುತ್ತದೆ, ಅದೂ ಒಂದೇ ಕಡೆ ಅಲ್ಲ. ಸಂಬಳ ಲೆಕ್ಕ ಹಾಕುವಲ್ಲಿ ಒಮ್ಮೆ, ಚೀಟಿ ಮುದ್ರಿಸುವಲ್ಲಿ ಒಮ್ಮೆ, ಕೆಲಸ ಬಿಟ್ಟವರ ಅಂತಿಮ ಲೆಕ್ಕದಲ್ಲಿ ಮತ್ತೊಮ್ಮೆ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಚೀಟಿಯೂ ಬ್ಯಾಂಕಿಗೆ ಹೋದ ಮೊತ್ತವೂ ತಾಳೆಯಾಗುವುದಿಲ್ಲ. ಈ ಮೂರೂ ಜಾಗ ಎಲ್ಲಿವೆ, ರಾತ್ರಿ ಪಾಳಿಯ ಭತ್ಯೆ ಯಾವ ವಿಭಾಗಕ್ಕೆ ಮಾತ್ರ, ಬೋನಸ್ ಲೆಕ್ಕದಲ್ಲಿ ರಜೆಯ ದಿನ ಹಿಡಿಯಬೇಕೇ ಬಿಡಬೇಕೇ ಎಂಬುದು ಬಹುಪಾಲು ಕಾರ್ಖಾನೆಗಳಲ್ಲಿ ಯಾವ ಕಾಗದದಲ್ಲೂ ಇಲ್ಲ. ಅದು ಕೋಡ್‌ನಲ್ಲಿದೆ, ಮತ್ತು ಕೋಡ್ ಬರೆದವರ ತಲೆಯಲ್ಲಿದೆ. ಹೊಸ ತಂತ್ರಾಂಶ ಮಾರಲು ಬಂದವರಿಗೆ ಇದನ್ನು ಹೇಳಬಲ್ಲವರು ಬೇಕೇ ಬೇಕು.

ಆದ್ದರಿಂದ ಕೆಲಸದ ಅರ್ಜಿಯಲ್ಲಿ "ಫಾಕ್ಸ್‌ಪ್ರೋ, 20 ವರ್ಷ" ಎಂದು ಮೊದಲ ಸಾಲು ಬರೆಯುವುದರಿಂದ ಪ್ರಯೋಜನವಿಲ್ಲ. ಇಷ್ಟು ಕಾರ್ಮಿಕರ ಸಂಬಳ, ಪಿಎಫ್ ಇಲಾಖೆಗೆ ಪ್ರತಿ ತಿಂಗಳ ಇಸಿಆರ್ ಕಡತ, ಇಎಸ್‌ಐ, ಜಿಎಸ್‌ಟಿ ರಿಟರ್ನ್, ಮೂರು ಗೋದಾಮಿನ ದಾಸ್ತಾನು ನಿರ್ವಹಿಸಿದ್ದೇನೆಂದು ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ಸಾಧನದ ಹೆಸರು ಕೆಳಗೆ ಬಂದರೆ ಸಾಕು.

ಮಾಡಬೇಕಾದದ್ದು

1. ಕೈಯಲ್ಲಿರುವುದರ ಪಟ್ಟಿ. ಯಾವ ಗ್ರಾಹಕರ ಬಳಿ ಯಾವ ಆವೃತ್ತಿ ಓಡುತ್ತಿದೆ, ಅದರ ಮೂಲ ಕೋಡ್ ಪೂರ್ತಿ ಇದೆಯೇ, ಓಡುತ್ತಿರುವ ಪ್ರೋಗ್ರಾಂ ಆ ಕೋಡ್‌ನಿಂದಲೇ ಕಟ್ಟಿದ್ದೇ ಎಂದು ಒಂದೊಂದಾಗಿ ನೋಡಬೇಕು. ಕೋಡ್ ಕಳೆದುಹೋಗಿದ್ದರೆ ರಿಫಾಕ್ಸ್ ಎಂಬ ತಂತ್ರಾಂಶದಿಂದ ಬಹಳಷ್ಟನ್ನು ಮರಳಿ ಪಡೆಯಬಹುದು, ಆದರೆ ಹಕ್ಕುದಾರರ ಒಪ್ಪಿಗೆ ಪಡೆದ ಮೇಲೆ.

2. ಹಳೆಯದನ್ನು ಗಟ್ಟಿ ಮಾಡುವುದು. ಫಾಕ್ಸ್‌ಪ್ರೋದಲ್ಲಿ ಬರೆಯುವ ಕೆಲಸ ಆಯಾ ಕಂಪ್ಯೂಟರೇ ಮಾಡುತ್ತದೆ. ನಡುವೆ ಕಾವಲಿಗೆ ಸರ್ವರ್ ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಡಿಬಿಎಫ್‌ನಲ್ಲಿ ದಾಖಲೆ ಸೇರಿ, ಸಿಡಿಎಕ್ಸ್ ಇಂಡೆಕ್ಸ್‌ನಲ್ಲಿ ಸೇರದೆ ಉಳಿಯಬಹುದು. ಹುಡುಕಿದರೆ ಬಿಲ್ ಸಿಗುವುದಿಲ್ಲ, ಮೊತ್ತದಲ್ಲಿ ಮಾತ್ರ ಇರುತ್ತದೆ. ಇಂಥ ಹೊತ್ತಿನಲ್ಲಿ ರೀಇಂಡೆಕ್ಸ್ ಆಜ್ಞೆಯನ್ನು ನಂಬಬಾರದು. ಅದು ಕೆಟ್ಟಿರಬಹುದಾದ ಸಿಡಿಎಕ್ಸ್ ಕಡತದ ಮಾಹಿತಿಯನ್ನೇ ನೆಚ್ಚಿಕೊಂಡು ಕೆಲಸ ಮಾಡುತ್ತದೆ. ಇಂಡೆಕ್ಸ್ ಅಳಿಸಿ ಹೊಸದಾಗಿ ಕಟ್ಟುವ ಸಣ್ಣ ಪ್ರೋಗ್ರಾಂ ಪ್ರತಿ ಗ್ರಾಹಕರಲ್ಲೂ ಇರಬೇಕು. ಕಡತಗಳ ಗಾತ್ರವನ್ನೂ ಗಮನಿಸಬೇಕು, ಒಂದು ಟೇಬಲ್ 2 ಜಿಬಿ ದಾಟುವಂತಿಲ್ಲ.

3. ಎಸ್‌ಕ್ಯೂಎಲ್. ಕಲಿಯಲು ಒಂದೇ ವಿಷಯಕ್ಕೆ ಸಮಯವಿದ್ದರೆ ಇದನ್ನೇ ಆರಿಸಬೇಕು. ಫಾಕ್ಸ್‌ಪ್ರೋದಲ್ಲಿ ಸೆಲೆಕ್ಟ್ ಆಜ್ಞೆ 1991ರ 2.0 ಆವೃತ್ತಿಯಿಂದಲೇ ಇದೆ, ಹಾಗಾಗಿ ಅರ್ಧ ದಾರಿ ಈಗಾಗಲೇ ನಡೆದಾಗಿದೆ. ಬದಲಾಗಬೇಕಾದದ್ದು ಯೋಚಿಸುವ ರೀತಿ. ಸ್ಕ್ಯಾನ್–ಎಂಡ್‌ಸ್ಕ್ಯಾನ್ ನಡುವೆ ಒಂದೊಂದೇ ದಾಖಲೆ ಹಿಡಿದು ಲೆಕ್ಕ ಹಾಕುವ ಅಭ್ಯಾಸ ಬಿಟ್ಟು, ಇಡೀ ಗುಂಪಿಗೆ ಒಂದೇ ಆಜ್ಞೆ ಕೊಡಲು ಕಲಿಯಬೇಕು. ತಮ್ಮದೇ ಸಂಬಳದ ಪ್ರೋಗ್ರಾಂನ ಒಂದು ಸ್ಕ್ಯಾನ್ ಲೂಪನ್ನು ತೆಗೆದುಕೊಂಡು ಒಂದೇ ಅಪ್‌ಡೇಟ್ ಆಜ್ಞೆಯಾಗಿ ಬರೆಯುವುದು ಇದಕ್ಕೆ ಒಳ್ಳೆಯ ಸಾಧನೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎರಡೂ ಉಚಿತ. ಕೇಂದ್ರ ಸರ್ಕಾರದ "ಸ್ವಯಂ" ಕಲಿಕಾ ವೇದಿಕೆಯಲ್ಲಿ ಡೇಟಾಬೇಸ್ ಪಾಠಗಳನ್ನು ಉಚಿತವಾಗಿ ಕೇಳಬಹುದು, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕ.

4. ಮೊದಲು ಡೇಟಾ ದಾಟಲಿ, ಪರದೆಗಳು ಆಮೇಲೆ. ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಬರೆಯಲು ಹೋದವರು ಮಧ್ಯದಲ್ಲಿ ನಿಲ್ಲುವುದೇ ಹೆಚ್ಚು. ವಿಷುಯಲ್ ಫಾಕ್ಸ್‌ಪ್ರೋದ ಫಾರ್ಮ್‌ಗಳನ್ನು ಹಾಗೇ ಇಟ್ಟು, ಟೇಬಲ್‌ಗಳನ್ನು ಮಾತ್ರ ಎಸ್‌ಕ್ಯೂಎಲ್ ಸರ್ವರ್‌ಗೆ ಒಯ್ಯಬಹುದು. ಫಾರ್ಮ್ ಮತ್ತು ಸರ್ವರ್ ನಡುವೆ ಎಸ್‌ಕ್ಯೂಎಲ್ ಪಾಸ್-ಥ್ರೂ ಅಥವಾ ಕರ್ಸರ್ ಅಡಾಪ್ಟರ್ ಕೆಲಸ ಮಾಡುತ್ತದೆ. ನೌಕರರು ನಿನ್ನೆಯ ಪರದೆಯಲ್ಲೇ ಕೆಲಸ ಮಾಡುತ್ತಾರೆ. ಹಿಂದೆ ಡೇಟಾ ಭದ್ರವಾಗಿರುತ್ತದೆ, ಆಡಿಟ್ ಟ್ರೇಲ್ ಬರೆಯಲು ದಾರಿಯೂ ತೆರೆಯುತ್ತದೆ. ಪರದೆಗಳನ್ನು ಅನಂತರ ಬಿಡುವಿನಂತೆ ಒಂದೊಂದಾಗಿ ಬದಲಿಸಬಹುದು.

5. ಹೊಸ ಭಾಷೆ ಒಂದು ಸಾಕು. ಕಾರ್ಖಾನೆಯ ಕಂಪ್ಯೂಟರ್‌ನಲ್ಲಿ ಓಡುವ ಫಾರ್ಮ್‌ಗಳನ್ನೇ ಮುಂದುವರಿಸುವವರಿಗೆ ಸಿ ಶಾರ್ಪ್ ಹತ್ತಿರ. ವರದಿ, ಡೇಟಾ ಶುದ್ಧಿ, ಪೋರ್ಟಲ್‌ಗಳ ಜೊತೆ ವ್ಯವಹಾರಕ್ಕೆ ಪೈಥಾನ್ ಸುಲಭ. ಡಿಬಿಎಫ್ ಓದುವ ಉಚಿತ ಲೈಬ್ರರಿಯೂ ಪೈಥಾನ್‌ನಲ್ಲಿದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಬೇಡ.

ಕನ್ನಡದ ಹೆಸರುಗಳು

ಕರ್ನಾಟಕದ ಪ್ರೋಗ್ರಾಮರ್‌ಗಳಿಗೆ ಮಾತ್ರ ಎದುರಾಗುವ, ಹೊರಗಿನವರಿಗೆ ಸುಲಭಕ್ಕೆ ತಿಳಿಯದ ಕೆಲಸ ಇದು. ಕನ್ನಡಕ್ಕೆ ವಿಂಡೋಸ್‌ನಲ್ಲಿ ಹಳೆಯ ರೀತಿಯ ಕೋಡ್ ಪೇಜ್ ಇಲ್ಲ, ಯೂನಿಕೋಡ್ ಮಾತ್ರ. ಫಾಕ್ಸ್‌ಪ್ರೋದ ಪಠ್ಯ ಪೆಟ್ಟಿಗೆಗಳಿಗೆ ಯೂನಿಕೋಡ್ ಬಾರದು. ಹಾಗಾಗಿ ಕನ್ನಡದಲ್ಲಿ ಸದಸ್ಯರ ಹೆಸರು, ಊರು ತುಂಬಿದವರು ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟ್ ಬಳಸಿದರು. ಆ ಡಿಬಿಎಫ್‌ನಲ್ಲಿ ಇರುವುದು ಅಕ್ಷರಗಳಲ್ಲ, ಅಕ್ಷರದ ತುಂಡುಗಳ ಆಕಾರ.

ಅದನ್ನು ಯೂನಿಕೋಡ್‌ಗೆ ತರುವಾಗ ಒಂದಕ್ಕೊಂದು ಬದಲಿಸಿದರೆ ಸಾಲದು, ಕ್ರಮವೂ ಬದಲಾಗಬೇಕು. "ಅರ್ಕಾವತಿ" ಎಂಬಲ್ಲಿ ಆಸ್ಕಿ ಫಾಂಟ್ ಮೊದಲು "ಕಾ" ಇಟ್ಟು ಆಮೇಲೆ ಅರ್ಕಾವೊತ್ತಿನ ಚಿಹ್ನೆ ಇಡುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಒತ್ತಕ್ಷರಕ್ಕೆ ಮುಂಚೆಯೇ ಕೂತಿರುವ ಸ್ವರಚಿಹ್ನೆಯನ್ನು ಒತ್ತಕ್ಷರದ ಆಚೆ ಸರಿಸಬೇಕು. ಪರಿವರ್ತಕಗಳು ಇದನ್ನು ಬಹುಪಾಲು ಮಾಡುತ್ತವೆ. ಆದರೆ ಸಾವಿರಾರು ಹೆಸರುಗಳಲ್ಲಿ ಎಡವಿದವನ್ನು ಕನ್ನಡ ಓದಬಲ್ಲವರೇ ಕಣ್ಣಾಡಿಸಿ ಹಿಡಿಯಬೇಕು. ಅರ್ಕಾವೊತ್ತು, ಮೂರಕ್ಷರದ ಒತ್ತು ಮತ್ತು "ರಾಜ್‌ಕುಮಾರ್" ರೀತಿಯ ಅರ್ಧಾಕ್ಷರ ಇರುವ ಹೆಸರುಗಳನ್ನು ಬೇರೆ ತೆಗೆದು ನೋಡಿದರೆ ತಪ್ಪುಗಳು ಬೇಗ ಸಿಗುತ್ತವೆ. ಅಂಕಣದ ಅಗಲವನ್ನೂ ಮರೆಯಬಾರದು: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, 30 ಬೈಟ್‌ನ ಅಂಕಣದಲ್ಲಿ ಹಿಡಿಸುವುದು ಹತ್ತೇ ಚಿಹ್ನೆ.

ಈ ಕೆಲಸ ನಾಜೂಕಾಗಿ ಮಾಡಬಲ್ಲವರನ್ನು ಸೊಸೈಟಿಗಳು, ಪಂಚಾಯಿತಿ ಮಟ್ಟದ ಸಂಸ್ಥೆಗಳು, ಹಳೆಯ ಗ್ರಂಥಸೂಚಿ ಇಟ್ಟುಕೊಂಡ ಗ್ರಂಥಾಲಯಗಳು ಹುಡುಕಿಕೊಂಡು ಬರಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಖಾಲಿ ದಿನಾಂಕ. ಫಾಕ್ಸ್‌ಪ್ರೋದಲ್ಲಿ ದಿನಾಂಕದ ಅಂಕಣ ಖಾಲಿ ಇರಬಹುದು. ಒಡಿಬಿಸಿ ಮೂಲಕ ಒಯ್ಯುವಾಗ ಅದು 1899ರ ಡಿಸೆಂಬರ್ 30 ಆಗಿ ಬದಲಾಗುತ್ತದೆ. "ಕೆಲಸ ಬಿಟ್ಟ ದಿನ" ಎಂಬ ಅಂಕಣದಲ್ಲಿ ಇದಾದರೆ ಇಂದು ಮಗ್ಗದ ಮುಂದೆ ನಿಂತಿರುವ ಕಾರ್ಮಿಕರೆಲ್ಲ ಹೊಸ ತಂತ್ರಾಂಶದ ಪ್ರಕಾರ ಕೆಲಸ ಬಿಟ್ಟವರು, ಯಾರ ಸಂಬಳವೂ ಲೆಕ್ಕವಾಗುವುದಿಲ್ಲ. ಖಾಲಿ ದಿನಾಂಕಗಳನ್ನು ಮೊದಲೇ ನಲ್ ಆಗಿ ಬದಲಿಸಬೇಕು. 2004ರ ಬದಲು 0204 ಎಂದು ಒತ್ತಿದ ವರ್ಷಗಳೂ ಸಿಗುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಟೈಮ್ 1753ಕ್ಕಿಂತ ಹಿಂದಿನದನ್ನು ಒಪ್ಪುವುದಿಲ್ಲ.

ಅಳಿಸಿದ್ದು ಅಳಿದಿಲ್ಲ. ಡಿಲೀಟ್ ಮಾಡಿದ ದಾಖಲೆಗೆ ಗುರುತು ಮಾತ್ರ ಬೀಳುತ್ತದೆ. ಪ್ಯಾಕ್ ಮಾಡುವ ತನಕ ಅದು ಕಡತದಲ್ಲೇ ಇರುತ್ತದೆ. ಡೇಟಾ ಒಯ್ಯುವಾಗ ಸೆಟ್ ಡಿಲೀಟೆಡ್ ಆನ್ ಮಾಡದಿದ್ದರೆ ರದ್ದಾದ ಬಿಲ್‌ಗಳು ಮರುಜೀವ ಪಡೆಯುತ್ತವೆ.

ಸಮ ಚಿಹ್ನೆ. ಸೆಟ್ ಎಕ್ಸಾಕ್ಟ್ ಆಫ್ ಇದ್ದಾಗ "ರಾಮಯ್ಯ" ಎಂಬುದನ್ನು "ರಾಮ" ಜೊತೆ ಹೋಲಿಸಿದರೆ ಫಾಕ್ಸ್‌ಪ್ರೋ ಎರಡೂ ಸಮ ಎನ್ನುತ್ತದೆ. ವಸ್ತುವಿನ ಕೋಡ್‌ನ ಮೊದಲ ಮೂರಕ್ಷರದಿಂದ ಇಡೀ ಗುಂಪು ಹಿಡಿಯುವ ವರದಿಗಳು ಹೆಚ್ಚಾಗಿ ಇದರ ಮೇಲೇ ನಿಂತಿರುತ್ತವೆ. ಹೊಸ ಡೇಟಾಬೇಸ್‌ನಲ್ಲಿ ಅದೇ ಹೋಲಿಕೆ ಏನನ್ನೂ ಹಿಡಿಯುವುದಿಲ್ಲ, ವರದಿ ಖಾಲಿ ಬರುತ್ತದೆ.

64 ಬಿಟ್‌ನ ಆಮದು ಸಾಧನಕ್ಕೆ ಫಾಕ್ಸ್‌ಪ್ರೋದ ಡ್ರೈವರ್ ಕಾಣಿಸುವುದಿಲ್ಲ, ಅದು ಇರುವುದು 32 ಬಿಟ್‌ನಲ್ಲಿ ಮಾತ್ರ. ಇದು ಗೊತ್ತಿಲ್ಲದೆ ದಿನಗಟ್ಟಲೆ ಡ್ರೈವರ್ ಹುಡುಕುವವರಿದ್ದಾರೆ.

ಎಚ್ಚರಿಕೆಗಳು

ಕೋಡ್ ಯಾರದು ಎಂಬುದು ತೀರ್ಮಾನವಾಗಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯಲ್ಲಿದ್ದು ಆ ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಂ ಮಾಲೀಕರದು. ಸ್ವತಂತ್ರವಾಗಿ ಬರೆದುಕೊಟ್ಟವರ ಹಕ್ಕು ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ, ಲಿಖಿತವಾಗಿ ವರ್ಗಾಯಿಸುವ ತನಕ. ಒಂದು ಕಾರ್ಖಾನೆಯ ಕೋಡ್ ಇನ್ನೊಂದಕ್ಕೆ ಕೊಡುವ ಮುಂಚೆ ಇದನ್ನು ಕಾಗದದಲ್ಲಿ ಖಚಿತ ಮಾಡಿಕೊಳ್ಳಬೇಕು.

ಡಿಬಿಎಫ್‌ಗೆ ಬೀಗ ಇಲ್ಲ. ಕಾರ್ಮಿಕರ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಇರುವ ಕಡತ ಲಿಬ್ರೆ ಆಫೀಸ್‌ನಲ್ಲಿ ಹಾಗೇ ತೆರೆಯುತ್ತದೆ. ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ದು ತಿದ್ದುವ ಹಳೆಯ ರೂಢಿ ನಿಲ್ಲಲೇಬೇಕು. ಅಭ್ಯಾಸಕ್ಕೆ ಬೇಕಾದರೆ ಹೆಸರು, ಸಂಖ್ಯೆಗಳನ್ನು ಬದಲಿಸಿದ ಪ್ರತಿಯನ್ನು ಇಟ್ಟುಕೊಳ್ಳಬಹುದು.

ನೌಕರಿ ಬಿಟ್ಟು ಪೂರ್ತಿ ಕಲಿಕೆಗೆ ಇಳಿಯುವುದು ಬೇಡ. ಈಗಿರುವ ಗ್ರಾಹಕರಲ್ಲೇ ಒಬ್ಬರ ಒಂದು ಸಣ್ಣ ಭಾಗವನ್ನು, ಗೇಟ್ ಪಾಸ್‌ನಂಥದ್ದನ್ನು, ದಾಟಿಸಿ ತೋರಿಸಿದರೆ ಮುಂದಿನ ಕೆಲಸಕ್ಕೆ ಅದೇ ಸಾಕ್ಷಿ.

ಬದಲಿಸುವ ದಿನ ಮತ್ತು ಹಳೆಯ ಕಡತಗಳು

ಲೆಕ್ಕದ ತಂತ್ರಾಂಶ ಬದಲಿಸಲು ಏಪ್ರಿಲ್ 1 ಸರಿಯಾದ ದಿನ. ಆರಂಭದ ಶಿಲ್ಕು ಒಯ್ದರೆ ಸಾಕು, ವರ್ಷದ ನಡುವಿನ ವಹಿವಾಟು ಹೊಂದಿಸುವ ಗೋಜಿಲ್ಲ. ಅದಕ್ಕೂ ಮುಂಚೆ ಜನವರಿ, ಫೆಬ್ರುವರಿಯ ಸಂಬಳವನ್ನು ಹಳೆಯದರಲ್ಲೂ ಹೊಸದರಲ್ಲೂ ಲೆಕ್ಕ ಹಾಕಿ, ಒಬ್ಬೊಬ್ಬರದೂ ಪೈಸೆಯವರೆಗೆ ತಾಳೆ ನೋಡಬೇಕು. ಫೆಬ್ರುವರಿ ಸೇರಿದರೆ ವೃತ್ತಿ ತೆರಿಗೆಯ 300 ರೂಪಾಯಿಯ ಪರೀಕ್ಷೆಯೂ ಆಗುತ್ತದೆ.

ಹಳೆಯ ಕಡತಗಳನ್ನು ಆಮೇಲೂ ಅಳಿಸುವಂತಿಲ್ಲ. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಕಂಪನಿಯ ಲೆಕ್ಕಪತ್ರಗಳನ್ನು 8 ಹಣಕಾಸು ವರ್ಷಗಳ ಕಾಲ ಇಡಬೇಕು. 58ಕ್ಕೆ ಪಿಂಚಣಿ ಕೇಳಲು ಬರುವ ಕಾರ್ಮಿಕರ ಹಳೆಯ ಸಂಬಳದ ವಿವರ ಅದಕ್ಕಿಂತ ಬಹಳ ಹಿಂದಿನದೂ ಬೇಕಾಗಬಹುದು. ಪ್ರತಿ ಟೇಬಲ್‌ನ ಒಂದು ಪ್ರತಿಯನ್ನು ಯುಟಿಎಫ್-8 ಸಿಎಸ್‌ವಿ ರೂಪದಲ್ಲಿ, ಅಂಕಣಗಳ ಅರ್ಥ ಬರೆದ ಹಾಳೆಯೊಡನೆ ಇಡಬೇಕು. ಮೂಲ ಡಿಬಿಎಫ್, ಸಿಡಿಎಕ್ಸ್, ಎಫ್‌ಪಿಟಿ ಕಡತಗಳನ್ನು ಓದಲು ಮಾತ್ರ ಬರುವಂತೆ ಮಾಡಿ, ಹಳೆಯ ಪ್ರೋಗ್ರಾಂ ಓಡುವ ಒಂದು ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ ಉಳಿಸಿಕೊಳ್ಳಬೇಕು. ಅದರ ಉಸ್ತುವಾರಿಗೆ ವರ್ಷಕ್ಕಿಷ್ಟು ಎಂದು ಗುತ್ತಿಗೆ ಮಾಡಿಕೊಳ್ಳುವುದನ್ನು ದಾಟಿಸುವ ಕೆಲಸದ ಕರಾರಿನಲ್ಲೇ ಬರೆಸಿಕೊಳ್ಳಬಹುದು.